ಲಾಗ್ ಬುಕ್ಕಿನ ಎರಡು ಸಹಿ

ನನ್ನ ಕೈ ನಡುಗುವುದನ್ನು ಮೊದಲು ನೋಡಿದವನು ಅವನು. ಅದಕ್ಕೇ ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ರೀತಿಗೀತಿ ಎಲ್ಲ ಆಮೇಲಿನ ಮಾತು. ಮೊದಲು ಬಂದದ್ದು ಸಿಟ್ಟು. ನನಗೆ ಸಿಟ್ಟು ಬರುವುದು ಹೊಸತೇನಲ್ಲ ಬಿಡಿ, ನರ್ಸಿಂಗ್ ಕಾಲೇಜಿನಲ್ಲಿ ಎಲ್ಲರೂ ನನ್ನನ್ನು ಕರೆಯುತ್ತಿದ್ದದ್ದೇ ‘ಗುಡುಗು’ ಅಂತ. ಮೆಸ್ಸಿನಲ್ಲಿ ಟೀ ತಣ್ಣಗಿದ್ದರೂ ಹಾಸ್ಟೆಲ್ಲಿನ ನಲ್ಲಿಯಲ್ಲಿ ನೀರು ಬಾರದಿದ್ದರೂ ಜಗಳಕ್ಕೆ ನನ್ನನ್ನೇ ಮುಂದೆ ಬಿಡುತ್ತಿದ್ದರು. ಅಂಥವಳಿಗೆ ಹೆದರಿಕೆ ಎಂದರೆ ಯಾರು ನಂಬುತ್ತಾರೆ? ನಾನೇ ನಂಬಿರಲಿಲ್ಲ.

ಇನ್ನು ಹನ್ನೆರಡು ದಿನಕ್ಕೆ ನಮ್ಮ ಮೊದಲ ವಾರ್ಡ್ ಪೋಸ್ಟಿಂಗ್. ಅಲ್ಲಿಯವರೆಗೆ ಸ್ಕಿಲ್ ಲ್ಯಾಬ್‌ನಲ್ಲಿ ರಬ್ಬರ್ ಕೈಗೆ ಸೂಜಿ ಚುಚ್ಚಿ ರಕ್ತ ತೆಗೆಯಲು ಕಲಿಯುತ್ತಿದ್ದೆವು. ರಬ್ಬರ್ ಕೈ ಎಂದರೆ ನನಗೆ ಲೆಕ್ಕಕ್ಕೇ ಇಲ್ಲ. ಅದು ಅಳುವುದಿಲ್ಲ, ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಕೇಳಿದಷ್ಟು ಬಣ್ಣದ ನೀರು ಕೊಟ್ಟು ಸುಮ್ಮನಿರುತ್ತದೆ. ಆದರೆ ನಮ್ಮ ಕಾಲೇಜಿನಲ್ಲೊಂದು ನಿಯಮವಿತ್ತು. ವಾರ್ಡಿಗೆ ಹೋಗುವ ಮೊದಲು ಜೀವವಿರುವ ಕೈಯಿಂದ ಎರಡು ಸಲ ಸರಿಯಾಗಿ ರಕ್ತ ತೆಗೆದಿರಬೇಕು. ಆ ಕೈ ನಮ್ಮ ಜೋಡಿಯ ವಿದ್ಯಾರ್ಥಿಯದು. ಚುಚ್ಚಿಸಿಕೊಂಡವರೇ ಹಸಿರು ಲಾಗ್ ಬುಕ್ಕಿನಲ್ಲಿ ತಾರೀಖು ಹಾಕಿ, ‘ಸರಿಯಾಗಿದೆ’ ಎಂದು ಬರೆದು ಸಹಿ ಮಾಡಬೇಕು. ನೋವು ತಿಂದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತದೆ ಎನ್ನುವುದು ಟ್ಯೂಟರ್ ಮೇಡಂ ಅವರ ವಾದ.

ಮೇಡಂ ಚೀಟಿ ಎತ್ತಿ ಜೋಡಿ ಮಾಡಿದರು. ನನಗೆ ಸಿಕ್ಕವನು ‘ತಾತ’.

ತಾತನಿಗೆ ಇಪ್ಪತ್ತಾರು ವಯಸ್ಸು. ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿ ಸ್ಟ್ರೆಚರ್ ತಳ್ಳಿ, ಆ ಕೆಲಸ ಬಿಟ್ಟು ಓದಲು ಬಂದವನು. ಇಪ್ಪತ್ತರ ಹುಡುಗರ ನಡುವೆ ಅವನು ಮೆಲ್ಲಗೆ ನಡೆಯುವುದು, ಮೆಲ್ಲಗೆ ಮಾತಾಡುವುದು ನೋಡಿ ಮೊದಲ ವಾರವೇ ಆ ಹೆಸರು ಅಂಟಿಕೊಂಡಿತ್ತು. ನಾನು ಹತ್ತು ಮಾತಾಡುವಷ್ಟರಲ್ಲಿ ಅವನು ಒಂದು ಮಾತಾಡಿದರೆ ಹೆಚ್ಚು.

ಅಂದು ಅವನು ಅಂಗಿಯ ತೋಳು ಮಡಚಿಕೊಂಡು ಕುರ್ಚಿಯಲ್ಲಿ ಕೂತ. ಮೊಣಕೈ ಮಡಿಕೆಯಲ್ಲಿ ಹಸಿರು ನರ ಎದ್ದು ಕಾಣುತ್ತಿತ್ತು.

“ನೋಡು, ಎಷ್ಟು ಚೆನ್ನಾಗಿದೆ ನರ. ಕಣ್ಣು ಮುಚ್ಕೊಂಡು ಹಾಕಿದ್ರೂ ಸಿಗತ್ತೆ,” ಎಂದ.

“ನೀನು ಬಾಯಿ ಮುಚ್ಕೊಂಡ್ರೆ ಸಾಕು,” ಎಂದೆ.

ಅವನು ಮೇಲಕ್ಕೆ ನೋಡಿದ. ತುಟಿ ನಗಲಿಲ್ಲ, ಕಣ್ಣಂಚು ಮಾತ್ರ ಒಂಚೂರು ಮಡಚಿತು. ನಾನು ರಬ್ಬರ್ ಪಟ್ಟಿ ಬಿಗಿದೆ, ಹತ್ತಿಯಿಂದ ಒರೆಸಿದೆ, ನರದ ಮೇಲೆ ಬೆರಳಿಟ್ಟೆ. ಬೆಚ್ಚಗಿತ್ತು. ಅಷ್ಟೇ. ಆ ಬೆಚ್ಚಗಿನ ಚರ್ಮ ಬೆರಳಿಗೆ ತಗುಲಿದ್ದೇ ತಡ, ನನ್ನ ಕೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಸೂಜಿ ಓರೆಯಾಗಿ ಹೋಯಿತು. ರಕ್ತ ಬರಲಿಲ್ಲ. ಅವನ ದವಡೆ ಬಿಗಿದದ್ದು ಕಂಡಿತು, ಚರ್ಮದ ಕೆಳಗೆ ನೀಲಿಯಾಗಿ ಉಬ್ಬಿದ್ದೂ ಕಂಡಿತು.

“ಅಲ್ಲಾಡ್ಬೇಡ ಅಂತ ಹೇಳ್ಲಿಲ್ವಾ ನಿಂಗೆ!” ಎಂದು ಕೂಗಿಬಿಟ್ಟೆ.

ಇಡೀ ಲ್ಯಾಬ್ ತಿರುಗಿ ನೋಡಿತು, ಮೇಡಂ ಕೂಡ. ಅವನು ಒಂದು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

“ಹೌದು ಮೇಡಂ, ನಾನೇ ಅಲ್ಲಾಡಿದೆ,” ಎಂದ ತಾತ.

ಥೂ, ಆ ಕ್ಷಣ ನೆಲ ಬಾಯಿಬಿಟ್ಟಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನ್ನ ತಪ್ಪನ್ನು ಹೊತ್ತುಕೊಂಡವನಿಗೆ ಏನು ಹೇಳುವುದು? ಹೊರಗೆ ಕಾರಿಡಾರಿನಲ್ಲಿ ಹತ್ತಿ ಒತ್ತಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತ.

“ಎಷ್ಟು ದಿನದಿಂದ ನಡುಗ್ತಿದೆ?”

“ಏನು?”

“ಕೈ.”

“ನಿನ್ನ ತಲೆ ನಡುಗ್ತಿದೆ,” ಎಂದು ಹೇಳಿ ಮೆಟ್ಟಿಲು ಇಳಿದುಬಿಟ್ಟೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಬೆಳಗ್ಗೆ ಎದ್ದ ಕೂಡಲೇ ಬಾತ್‌ರೂಮಿನ ನಲ್ಲಿಯನ್ನು ಜೋರಾಗಿ ಬಿಟ್ಟು ವಾಂತಿ ಮಾಡಿ, ಮುಖ ತೊಳೆದು, ಹೊರಗೆ ಬಂದು ಯಾರ ಮೇಲಾದರೂ ರೇಗುತ್ತಿದ್ದೆ. ಗುಡುಗು ಸುಮ್ಮನಿದ್ದರೆ ಜನಕ್ಕೆ ಅನುಮಾನ ಬರುತ್ತದಲ್ಲ. ತಮಾಷೆ ಕೇಳಿ: ಒತ್ತಡ ನಿಭಾಯಿಸುವುದು ಹೇಗೆ ಎನ್ನುವುದೇ ನಮಗೊಂದು ಪಾಠವಾಗಿತ್ತು. ದೀರ್ಘವಾಗಿ ಉಸಿರಾಡಿ, ಸಾಕಷ್ಟು ನಿದ್ದೆ ಮಾಡಿ, ಆಪ್ತರೊಡನೆ ಮಾತಾಡಿ ಎಂದೆಲ್ಲ ಬರೆದು ಇಪ್ಪತ್ತಕ್ಕೆ ಹತ್ತೊಂಬತ್ತು ತೆಗೆದವಳು ನಾನು.

ಅಮ್ಮ ದಿನಾ ಫೋನ್ ಮಾಡುತ್ತಿದ್ದಳು. “ಬೀದಿಯವರೆಲ್ಲ ಕೇಳ್ತಾರೆ ಕಣೇ, ಇನ್ನು ಬಿಪಿ ನೋಡಿಸೋಕೆ ನಿನ್ನ ಮಗಳೇ ಸಾಕಲ್ವಾ ಅಂತ. ಸಾಕು ಅಂದಿದೀನಿ.” ಅಂಥ ಅಮ್ಮನಿಗೆ ಏನಂತ ಬಾಯಿಬಿಡಲಿ? “ಹೂಂ ಅಮ್ಮ, ಎಲ್ಲ ಚೆನ್ನಾಗಿ ನಡೀತಿದೆ,” ಎನ್ನುತ್ತಿದ್ದೆ.

ಎರಡನೇ ಸಲ ಅವನ ಕೈ ಹಿಡಿದಾಗ ಸೂಜಿಯ ಮುಚ್ಚಳ ತೆಗೆಯುವಷ್ಟರಲ್ಲೇ ಕಿವಿ ಗುಂಯ್ ಎಂದಿತು. ಟ್ರೇ ಮೇಜಿನ ಮೇಲಿಟ್ಟು ಎದ್ದು ಹೋದೆ. ಕಾರಿಡಾರಿನ ಕೊನೆಯಲ್ಲಿ ಬಟ್ಟೆ ಕೋಣೆ. ಅಭ್ಯಾಸದ ಹಾಸಿಗೆಗಳ ಬೆಡ್‌ಶೀಟುಗಳೆಲ್ಲ ಒಗೆದು ಬಂದು ಅಲ್ಲಿ ರಾಶಿ ಬೀಳುತ್ತಿದ್ದವು. ಒಳಗೆ ಹೋಗಿ, ಯಾರೋ ಕೆಲಸ ಹೇಳಿದ ಹಾಗೆ, ಬೆಡ್‌ಶೀಟು ಮಡಚತೊಡಗಿದೆ. ಒಬ್ಬಳೇ ಮಡಚಲು ಬರುತ್ತದೆಯೇ? ಒಂದು ತುದಿ ಹಿಡಿದರೆ ಇನ್ನೊಂದು ನೆಲ ಗುಡಿಸುತ್ತಿತ್ತು.

ಆ ತುದಿ ಮೇಲಕ್ಕೆದ್ದಿತು. ನೋಡಿದರೆ ತಾತ.

ಅವನು ಏನೂ ಕೇಳಲಿಲ್ಲ. ಬೆಡ್‌ಶೀಟನ್ನು ಜಾಡಿಸಿ ಎಳೆದ, ನಾನೂ ಎಳೆದೆ. ಮಧ್ಯಕ್ಕೆ ಮಡಚಿದೆವು. ಅವನು ತನ್ನ ತುದಿ ಹಿಡಿದು ನನ್ನತ್ತ ನಡೆದುಬಂದ. ತುದಿಗೆ ತುದಿ ಸೇರಿಸುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿತು. ತುದಿ ನನ್ನ ಕೈಗೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಮತ್ತೆ ಹಿಂದಕ್ಕೆ ಹೋದ. ಒಂದು ಬೆಡ್‌ಶೀಟಿಗೆ ಮೂರು ಸಲ ಹೀಗೆ ಹತ್ತಿರ ಬರಬೇಕು. ಎರಡನೇ ಬೆಡ್‌ಶೀಟಿನ ಹೊತ್ತಿಗೆ ಅವನ ಎಡ ಹುಬ್ಬಿನಲ್ಲಿ ಸಣ್ಣ ಕಲೆಯಿದೆ ಎಂದು ಗೊತ್ತಾಯಿತು. ಮೂರನೆಯದಕ್ಕೆ ಅವನು ನನ್ನನ್ನು ನೋಡದಿರಲು ಕಷ್ಟಪಡುತ್ತಿದ್ದಾನೆ ಎಂದೂ ಗೊತ್ತಾಯಿತು.

“ಹೊರಗೆ ಎಲ್ಲರೂ ಹುಡುಕ್ತಿದಾರಾ?” ಎಂದು ಕೇಳಿದೆ.

“ಗುಡುಗು ಎಲ್ಲಿ ಅಂದ್ರು. ಬಟ್ಟೆ ಕೋಣೇಲಿ ಮೋಡ ಕವಿದಿದೆ ಅಂದೆ.”

ನಗು ಬಂತು. ನಗುವಿನ ಹಿಂದೆಯೇ ಅಳು ಬಂತು, ದರಿದ್ರದ್ದು. ಮಡಚಿದ ಬೆಡ್‌ಶೀಟಿನಲ್ಲೇ ಮುಖ ಒರೆಸಿಕೊಂಡು, ಯಾರಿಗೂ ಹೇಳದಿದ್ದನ್ನು ಅವನಿಗೆ ಹೇಳಿದೆ. ನಮ್ಮಜ್ಜಿ ಆಸ್ಪತ್ರೆಯಲ್ಲಿದ್ದಾಗ ಒಬ್ಬಳು ಕಲಿಯುವ ಹುಡುಗಿ ರಕ್ತ ತೆಗೆಯಲು ಬಂದಿದ್ದಳು. ಐದು ಸಲ ಚುಚ್ಚಿದಳು. ಅಜ್ಜಿ ಹಲ್ಲು ಕಚ್ಚಿಕೊಂಡು, “ಇರಲಿ ಬಿಡು, ಕಲಿಯೋ ಮಗು,” ಎನ್ನುತ್ತಿದ್ದಳು. ನಾನು ಬಿಡಲಿಲ್ಲ. ವಾರ್ಡಿಗೆ ವಾರ್ಡೇ ಕೇಳುವ ಹಾಗೆ ಆ ಹುಡುಗಿಯ ಜನ್ಮ ಜಾಲಾಡಿದೆ. ಅವಳ ಕೈಯಿಂದ ಟ್ರೇ ಬಿತ್ತು, ಅಳುತ್ತಾ ಓಡಿಹೋದಳು. ಮತ್ತೆ ಆ ವಾರ್ಡಿನಲ್ಲಿ ಅವಳನ್ನು ನಾನು ನೋಡಲಿಲ್ಲ.

“ಈಗ ಆ ಹುಡುಗಿ ನಾನು,” ಎಂದೆ. “ಯಾರದೋ ಅಜ್ಜಿಗೆ ಐದು ಸಲ ಚುಚ್ಚೋಳು ನಾನು. ಅದಕ್ಕೇ ಕೈ ನಡುಗತ್ತೆ. ನನ್ನಿಂದ ಆಗಲ್ಲ ತಾತ.”

ಅವನು “ಆಗತ್ತೆ,” ಎನ್ನಲಿಲ್ಲ. ಇನ್ನೊಂದು ಬೆಡ್‌ಶೀಟು ತೆಗೆದುಕೊಂಡು ಒಂದು ತುದಿ ನನಗೆ ಕೊಟ್ಟ. ಅವತ್ತಿನಿಂದ ದಿನಾ ಲ್ಯಾಬ್ ಮುಗಿದ ಮೇಲೆ ಬೆಡ್‌ಶೀಟು ಮಡಚುವುದು ನಮ್ಮ ಪಾಲಿಗೆ ಬಂತು. ಕ್ಲಾಸಿನವರು ಕಣ್ಣು ಮಿಟುಕಿಸುತ್ತಿದ್ದರು. ನಾನು ಕಣ್ಣು ಕೆಂಪಗೆ ಮಾಡುತ್ತಿದ್ದೆ. ಮಡಚುವಾಗ ಮಾತ್ರ ಹೆದರಿಕೆ ಮರೆತುಹೋಗುತ್ತಿತ್ತು. ಆದರೆ ಅವನು ತೋಳು ಮುಂದೆ ಚಾಚಿದರೆ, “ನಾಳೆ,” ಎನ್ನುತ್ತಿದ್ದೆ. ನಾಳೆ ನಾಳೆ ಎನ್ನುತ್ತಲೇ ಲಾಗ್ ಬುಕ್ ಒಪ್ಪಿಸುವ ದಿನ ಬಂದುಬಿಟ್ಟಿತು.

ಶುಕ್ರವಾರ. ಖಾಲಿ ಪುಟವನ್ನು ಮೇಡಂಗೆ ಹೇಗೆ ತೋರಿಸಲಿ ಎಂದು ಲಾಗ್ ಬುಕ್ ತೆರೆದೆ. ಪುಟ ಖಾಲಿ ಇರಲಿಲ್ಲ. ಎರಡು ತಾರೀಖು, ಎರಡು ‘ಸರಿಯಾಗಿದೆ’, ಕೆಳಗೆ ದುಂಡಗಿನ ಅಕ್ಷರದಲ್ಲಿ ಎರಡು ಸಹಿ. ಹಿಂದಿನ ದಿನ ಬುಕ್ಕನ್ನು ಬಟ್ಟೆ ಕೋಣೆಯಲ್ಲಿ ಮರೆತು ಬಂದಿದ್ದೆ.

ಸುಳ್ಳು ಯಾಕೆ ಹೇಳಲಿ, ಮೊದಲು ಜೀವ ಬಂದ ಹಾಗಾಯಿತು. ಬುಕ್ಕನ್ನು ಎದೆಗವಚಿಕೊಂಡೆ. ಇಷ್ಟು ಪ್ರೀತಿ ಯಾರು ಮಾಡುತ್ತಾರೆ ಎಂದುಕೊಂಡೆ. ಹೋಗಿ ಮೇಡಂ ಮೇಜಿನ ಮೇಲಿಟ್ಟು ಬಂದೆ. ಆ ಮಧ್ಯಾಹ್ನ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬಾ ಉಂಡೆ.

ಶನಿವಾರ ಬೆಳಗ್ಗೆ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಿದರು. ನನ್ನ ಹೆಸರಿನ ಮುಂದೆ ‘ರಕ್ತ ಪರೀಕ್ಷೆ ಕೊಠಡಿ, ಸೋಮವಾರ, ಬೆಳಗ್ಗೆ ಏಳು’. ಸೋಮವಾರ ಏಳು ಗಂಟೆಗೆ ಗುರುತು ಪರಿಚಯವಿಲ್ಲದ ಯಾರೋ ಬಂದು, ಇವಳಿಗೆ ಬರುತ್ತದೆ ಎಂದು ನಂಬಿ ತೋಳು ಚಾಚುತ್ತಾರೆ. ಬರುತ್ತದೆ ಎನ್ನಲು ಎರಡು ಸಹಿ ಸಾಕ್ಷಿ. ನಾನು ಬಾಯಿಬಿಟ್ಟರೆ ಸಹಿ ಮಾಡಿದವನ ಗತಿ? ಇದ್ದ ಕೆಲಸ ಬಿಟ್ಟು ಬಂದವನು. ಬಾಯಿಬಿಡದಿದ್ದರೆ ಆ ತೋಳಿನ ಗತಿ?

ಅವನು ಬಟ್ಟೆ ಕೋಣೆಯಲ್ಲೇ ಸಿಕ್ಕ. ಬಾಗಿಲು ಹಾಕಿದೆ.

“ಯಾಕೆ ಸಹಿ ಹಾಕ್ದೆ?”

“ನಿನ್ನ ಕಷ್ಟ ನೋಡೋಕಾಗ್ಲಿಲ್ಲ.”

“ನೋಡೋಕಾಗದಿದ್ರೆ ಕಣ್ಣು ಮುಚ್ಕೋಬೇಕಿತ್ತು. ಪೆನ್ನು ಯಾಕೆ ತೆಗೆದೆ?”

“ದಿನಾ ಬೆಳಗ್ಗೆ ನೀನು ಮುಖ ಬಿಳಿಚಿಕೊಂಡು ಬರ್ತಿದ್ದೆ. ವಾರ್ಡಿಗೆ ಹೋದ್ರೆ ಹಿರಿಯ ಸಿಸ್ಟರ್‌ಗಳು ಇರ್ತಾರೆ, ನಿಧಾನಕ್ಕೆ ಕಲೀತೀಯ ಅಂದ್ಕೊಂಡೆ.” ಅವನ ದನಿ ಇನ್ನಷ್ಟು ತಗ್ಗಿತು. “ನಿನ್ನನ್ನ ಪ್ರೀತಿಸ್ತೀನಿ ಕಣೇ. ಅದಕ್ಕೇ ಹಾಕ್ದೆ. ಬೇರೆ ಏನೂ ತಿಳೀಲಿಲ್ಲ.”

ಎಷ್ಟೋ ದಿನದಿಂದ ಯಾವ ಮಾತಿಗೆ ಕಿವಿ ತೆರೆದುಕೊಂಡಿದ್ದೆನೋ ಅದೇ ಮಾತು. ಈಗ ಬಂತು, ಅದೂ ಹೀಗೆ. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು.

“ನನ್ನ ಕೈಯಲ್ಲಿ ಆಗಲ್ಲ ಅಂತ ನಾನೊಬ್ಬಳೇ ಅಂದ್ಕೊಂಡಿದ್ದೆ,” ಎಂದೆ. “ನೀನೂ ಹಾಗೇ ಅಂದ್ಕೊಂಡು ಎರಡು ಸಲ ಸಹಿ ಹಾಕಿದೀಯ.”

ಅವನು ಗೋಡೆಗೆ ಒರಗಿ ಕೂತುಬಿಟ್ಟ.

“ನಾನು ಮೇಡಂ ಹತ್ರ ಹೋಗ್ತೀನಿ,” ಎಂದೆ. “ನಿನ್ನ ಸಹಿ ನಾನೇ ಹಾಕ್ಕೊಂಡೆ ಅಂತ ಹೇಳ್ತೀನಿ.”

“ಮತ್ತೆ ಸುಳ್ಳಾ?” ಎಂದು ಎದ್ದ. “ಬೇಡ. ನಡಿ, ಇಬ್ಬರೂ ಹೋಗೋಣ.”

ಮೇಡಂ ರೂಮಿನಲ್ಲಿ ಇಬ್ಬರೂ ಒಟ್ಟಿಗೇ ಬಾಯಿ ತೆರೆದೆವು. “ತಪ್ಪು ನಂದು ಮೇಡಂ,” ಎಂದ ಅವನು. “ಇಲ್ಲ ಮೇಡಂ, ನಂದು,” ಎಂದೆ ನಾನು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹರಾಜು ಕೂಗ್ತಿದೀರಾ? ಒಬ್ಬೊಬ್ಬರೇ ಹೇಳಿ. ಸಹಿ ಮಾಡಿದ್ದು ಯಾರು?”

“ನಾನು,” ಎಂದ.

“ಸುಳ್ಳು ಅಂತ ಗೊತ್ತಿದ್ದೂ ತಂದುಕೊಟ್ಟಿದ್ದು?”

“ನಾನು,” ಎಂದೆ.

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಲಾಗ್ ಬುಕ್ಕಿನ ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಮೊದಲು ಅವನ ಕಡೆ ತಿರುಗಿದರು.

“ನಾಳೆ ವಾರ್ಡಿನಲ್ಲಿ ಕೊಡದ ಔಷಧಿ ಕೊಟ್ಟೆ ಅಂತ ಬರೀತೀಯ, ಯಾರ ಮೇಲೋ ಕನಿಕರ ಬಂತು ಅಂತ. ಆರು ತಿಂಗಳು ಪೋಸ್ಟಿಂಗ್ ಇಲ್ಲ. ಜೂನಿಯರ್ ಬ್ಯಾಚ್ ಜೊತೆ ಮತ್ತೆ ಶುರು ಮಾಡು. ಕಾಲೇಜಿಂದ ತೆಗೀಬೇಕಿತ್ತು. ನೀನಾಗಿ ಬಂದೆ, ಅದಕ್ಕೆ ಇಷ್ಟು.”

ಅವನು ತಲೆಯಾಡಿಸಿದ. ಆರು ತಿಂಗಳು!

“ನೀನು,” ಎಂದು ನನ್ನ ಕಡೆ ನೋಡಿದರು. “ಟ್ರೇ ತಗೊಂಡು ಬಾ. ಈಗಲೇ, ನನ್ನ ಮುಂದೆ.”

“ಮೇಡಂ, ಇವತ್ತು…”

“ಸೋಮವಾರ ಬರೋರ ಹತ್ರಾನೂ ಇವತ್ತು ಬೇಡ ಅಂತೀಯಾ?” ಅವನಿಗೆ ಹೇಳಿದರು, “ಕೂತ್ಕೋ. ಅಂಗಿ ತೋಳು ಮಡಚು. ನೋವಾದ್ರೆ ನೋವಾಯ್ತು ಅನ್ನು. ಅವಳ ಪರವಾಗಿ ಇನ್ನೊಂದು ಮಾತಾಡಿದ್ರೆ ಇಬ್ಬರನ್ನೂ ಮನೆಗೆ ಕಳಿಸ್ತೀನಿ.”

ಪಟ್ಟಿ ಬಿಗಿದೆ. ಒರೆಸಿದೆ. ಕೈ ನಡುಗುತ್ತಲೇ ಇತ್ತು. ಚುಚ್ಚಿದೆ. ರಕ್ತ ಬರಲಿಲ್ಲ.

“ನೋವಾಯ್ತು,” ಎಂದ ಅವನು. “ತಪ್ಪಿದೆ.”

ಅವನ ಕಣ್ಣು ನೋಡಿದೆ. ಅದರಲ್ಲಿ ಕನಿಕರ ಇರಲಿಲ್ಲ, ಮುಚ್ಚುಮರೆಯೂ ಇರಲಿಲ್ಲ. ವಿಚಿತ್ರ ನೋಡಿ, ಆ ಎರಡು ಮಾತು ಕೇಳಿ ನನಗೆ ಉಸಿರು ಸರಿಯಾಗಿ ಬಂತು. ಇಷ್ಟು ದಿನ ಯಾವುದು ನಡೆದೀತು ಎಂದು ಹೆದರಿ ಸಾಯುತ್ತಿದ್ದೆನೋ ಅದು ನಡೆದುಹೋಗಿತ್ತು. ಯಾರೂ ಸತ್ತಿರಲಿಲ್ಲ. ಸೂಜಿ ತೆಗೆದು, ಹತ್ತಿ ಒತ್ತಿ, “ಕ್ಷಮಿಸು,” ಎಂದೆ. ಅವನಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು.

ಹೊಸ ಸೂಜಿ. ಇನ್ನೊಂದು ತೋಳು. ನಡುಗುವ ಕೈಯ ಕಿರುಬೆರಳನ್ನು ಅವನ ತೋಳಿಗೆ ಊರಿ ಹಿಡಿದೆ. ಸಿರಿಂಜಿನೊಳಗೆ ಕಡುಗೆಂಪು ಗೆರೆಯೊಂದು ಏರಿತು. ನನ್ನ ಕಣ್ಣು ತುಂಬಿ ಏನೂ ಕಾಣದಂತಾಯಿತು.

“ಅಳೋದು ಆಮೇಲೆ. ಮೊದಲು ಪಟ್ಟಿ ಬಿಚ್ಚು,” ಎಂದರು ಮೇಡಂ. ಎರಡನೆಯದಕ್ಕೆ ಅವನು ತೋಳು ಚಾಚಿದಾಗ ಅವನನ್ನು ಎಬ್ಬಿಸಿದರು. “ಅವನಿಗೆ ಇವತ್ತಿಗೆ ಸಾಕು,” ಎಂದು ತಾವೇ ಆ ಕುರ್ಚಿಯಲ್ಲಿ ಕೂತು ತೋಳು ಚಾಚಿದರು. ಅವರ ನರ ಸಣ್ಣದು, ಬೆರಳಿಗೆ ಸಿಕ್ಕಿ ಜಾರುತ್ತಿತ್ತು. ಎರಡು ನಿಮಿಷ ಹುಡುಕಿದೆ. ಸಿಕ್ಕಿತು. ಮೇಡಂ ಹೊಸ ಪುಟ ತಿರುಗಿಸಿ, ಒಂದು ತಪ್ಪು ಎರಡು ಸರಿ ಎಂದು ಬರೆದು, ತಾವೇ ಸಹಿ ಮಾಡಿದರು.

ಹೊರಗೆ ಬಂದಾಗ ಅವನಿರಲಿಲ್ಲ. ಜೂನಿಯರ್ ಬ್ಯಾಚಿನ ಟೈಮ್ ಟೇಬಲ್ ಬರೆದುಕೊಳ್ಳಲು ಆಫೀಸಿಗೆ ಹೋಗಿದ್ದ. ಭಾನುವಾರ ಪೂರ್ತಿ ಅವನ ಮುಖ ನನಗೆ ಕಾಣಲಿಲ್ಲ.

ಸೋಮವಾರ ಬೆಳಗ್ಗೆಯೂ ವಾಂತಿಯಾಯಿತು. ಬಾಯಿ ತೊಳೆದು, ಯೂನಿಫಾರ್ಮ್ ಹಾಕಿ, ನಾಲ್ಕು ಸ್ಟಾಪ್ ದೂರದ ಆಸ್ಪತ್ರೆಗೆ ಹೋದೆ. ಮೊದಲು ಬಂದವರು ಟೈಲರಿಂಗ್ ಮಾಡುವ ಒಬ್ಬ ಅಮ್ಮ, ಕೊರಳಲ್ಲಿ ಅಳತೆ ಟೇಪು ಇನ್ನೂ ಜೋತಾಡುತ್ತಿತ್ತು.

“ಚೆನ್ನಾಗಿ ಅಭ್ಯಾಸ ಇದೆಯಾ ಮಗಳೇ?”

“ಇವತ್ತೇ ಮೊದಲನೇ ದಿನ ಅಮ್ಮ. ಕೈ ಸ್ವಲ್ಪ ನಡುಗತ್ತೆ. ಒಂದು ಸಲ ತಪ್ಪಿದ್ರೆ ಮತ್ತೆ ಚುಚ್ಚಲ್ಲ, ಸಿಸ್ಟರ್‌ನ ಕರೀತೀನಿ. ಬೇಡ ಅಂದ್ರೆ ಈಗಲೇ ಕರೀತೀನಿ.”

ಅವರು ನನ್ನ ಮುಖ ನೋಡಿದರು, ಕೈ ನೋಡಿದರು. “ಸೂಜಿ ಹಿಡಿಯೋರ ಕಷ್ಟ ನಂಗೊತ್ತಿಲ್ವಾ? ಹಾಕು,” ಎಂದು ತೋಳು ಚಾಚಿದರು.

ಎರಡೂವರೆಗೆ ಡ್ಯೂಟಿ ಮುಗಿಸಿ ಗೇಟಿನ ಹೊರಗೆ ಬಂದರೆ, ಬಸ್ ಸ್ಟಾಪಿನ ಬೆಂಚಿನ ಮೇಲೆ ತಾತ ಕೂತಿದ್ದ. ಎರಡು ತೋಳಿಗೂ ನೀಲಿ ಕಲೆ. ನಾನು ಪಕ್ಕದಲ್ಲಿ ಕೂತೆ.

“ಒಂಬತ್ತು ಜನ,” ಎಂದೆ. “ಎರಡು ತಪ್ಪಿತು. ಎರಡು ಸಲವೂ ಸಿಸ್ಟರ್‌ನ ಕರೆದೆ. ಒಬ್ಬರು ಮುಖ ಗಂಟಿಕ್ಕಿದ್ರು.”

“ಹೂಂ,” ಎಂದ.

“ನನ್ನ ಮೇಲೆ ಸಿಟ್ಟಿಲ್ವಾ? ಆರು ತಿಂಗಳು ಹೋಯ್ತು ನಿಂದು.”

ಅವನು ಯೋಚಿಸಿದ. “ಇದೆ,” ಎಂದ. “ಅಪ್ಪನಿಗೆ ಫೋನಲ್ಲಿ ಹೇಳುವಾಗ ಬಹಳ ಇತ್ತು. ಬಟ್ಟೆ ಕೋಣೇಲಿ ನಿನ್ನ ಬುಕ್ ಕಂಡಾಗ ಮುಟ್ಟದೆ ಹಾಗೇ ಬಂದ್ಬಿಡಬೇಕಿತ್ತು, ಇವಳ ಗೊಡವೆ ನನಗ್ಯಾಕೆ ಬೇಕಿತ್ತು ಅನ್ನಿಸ್ತು. ನನ್ನ ಮೇಲೆ ಇನ್ನೂ ಜಾಸ್ತಿ ಇದೆ.”

ಇಂಥ ಮಾತು ಕೇಳಿದರೆ ಎದೆ ಒಡೆಯಬೇಕು. ನನ್ನದು ಒಡೆಯಲಿಲ್ಲ. ಅವನು ನನ್ನಿಂದ ಏನನ್ನೂ ಬಚ್ಚಿಡದೆ ಕೂತಿದ್ದ. ಅದಕ್ಕಿಂತ ಹೆಚ್ಚಿನದು ನನಗೆ ಯಾರೂ ಕೊಟ್ಟಿರಲಿಲ್ಲ.

“ನಂಗೂ ನೀನಂದ್ರೆ ಪ್ರೀತಿ ಕಣೋ,” ಎಂದೆ. ಗುಡುಗಿನ ಬಾಯಲ್ಲಿ ಅದು ಪಿಸುಮಾತಾಗಿ ಬಂತು. “ಆದ್ರೆ ನನ್ನ ಭಯ ನಂದು. ಅದನ್ನ ನೀನು ಹೊರಬೇಡ. ಪಕ್ಕದಲ್ಲಿದ್ರೆ ಸಾಕು.”

ಅವನು ನನ್ನ ಕೈ ತೆಗೆದುಕೊಂಡ. ಅದು ಈಗಲೂ ಸಣ್ಣಗೆ ನಡುಗುತ್ತಿತ್ತು. ಅವನು ಅದನ್ನು ಅದುಮಿ ನಿಲ್ಲಿಸಲು ಹೋಗಲಿಲ್ಲ, ಸುಮ್ಮನೆ ಹಿಡಿದುಕೊಂಡ.

“ನಾಳೆ ಬೆಳಗ್ಗೆ ಮತ್ತೆ ಹೆದರಿಕೆ ಆಗತ್ತೆ,” ಎಂದೆ.

“ಆಗತ್ತೆ,” ಎಂದ. “ಡ್ಯೂಟಿ ಏಳಕ್ಕೇ ತಾನೇ?”

“ಹೂಂ.”

“ಆರಕ್ಕೆ ನಿನ್ನ ಹಾಸ್ಟೆಲ್ ಗೇಟಿನ ಹತ್ರ ಇರ್ತೀನಿ. ಬಸ್ಸಲ್ಲಿ ಜೊತೆಗೆ ಬರ್ತೀನಿ.”

“ನಿಂಗೆ ಕ್ಲಾಸ್ ಒಂಬತ್ತಕ್ಕಲ್ವಾ?”

“ಹೌದು.”

ಬಸ್ಸು ಬಂತು. ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ, ಹತ್ತುತ್ತೀರೋ ಇಲ್ಲವೋ ಎಂದು ಕೇಳಿದ. ಮುಂದಿನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಇಬ್ಬರೂ ಏಳಲಿಲ್ಲ.